ಕುಡಿ, ಇಲ್ಲವೇ ನಡಿ: ಪ್ರಾಚೀನ ಗ್ರೀಕರ ಪಾನಗೋಷ್ಠಿಯ ಮಾತುಗಳು

ಕ್ರಿ.ಪೂ. 404ರ ಸುಮಾರಿಗೆ ಅಥೆನ್ಸ್ ನಗರ ಮೂವತ್ತು ಮಂದಿಯ ಒಂದು ಕ್ರೂರ ಕೂಟದ ಕೈಯಲ್ಲಿತ್ತು. ಅದರ ಮುಂದಾಳು ಕ್ರಿಟಿಯಾಸ್. ಅದೇ ಕೂಟದ ಸದಸ್ಯನಾಗಿದ್ದ ಥೆರಾಮೆನೀಸ್ ಅವನ ಕೊಲೆಗಡುಕತನವನ್ನು ಎದುರಿಸಿ ಮಾತಾಡಿದ. ಅದಕ್ಕೆ ಮರಣದಂಡನೆ ಪಡೆದ. ವಿಷದ ಬಟ್ಟಲು ಕೈಗೆ ಬಂದಾಗ ಕುಡಿದು ಮುಗಿಸಿ, ತಳದಲ್ಲಿ ಉಳಿದ ಹನಿಗಳನ್ನು ಚಿಮ್ಮಿಸಿ, "ಇದು ಚೆಲುವ ಕ್ರಿಟಿಯಾಸನಿಗೆ" ಎಂದನಂತೆ. ಇತಿಹಾಸಕಾರ ಝೆನೊಫೊನ್ ಈ ಮಾತನ್ನು ಬರೆದಿಟ್ಟಿದ್ದಾನೆ. ಸಾವಿನ ಹೊತ್ತಿನಲ್ಲೂ ಬುದ್ಧಿ ಮತ್ತು ವಿನೋದ ಅವನನ್ನು ಬಿಟ್ಟು ಹೋಗಲಿಲ್ಲವಲ್ಲ ಎಂದು ಮೆಚ್ಚಿಕೊಂಡಿದ್ದಾನೆ.

ನಮಗೆ ಈ ಮಾತು ಅರ್ಧ ಮಾತ್ರ ಕೇಳಿಸುತ್ತದೆ. ಅಂದಿನ ಅಥೆನ್ಸಿನವರಿಗೆ ಪೂರ್ತಿ ಕೇಳಿಸಿತ್ತು, ಏಕೆಂದರೆ ಪಾನಗೋಷ್ಠಿಯ ಎರಡು ಪದಗಳು ಅವರಿಗೆ ಬಾಯಿಪಾಠವಾಗಿದ್ದವು. ಒಂದು, ಕೊಟ್ಟಬೋಸ್: ಬಟ್ಟಲಿನ ಕೊನೆಯ ಹನಿಯನ್ನು ಗುರಿಗೆ ಎಸೆಯುವ ಆಟ. ಇನ್ನೊಂದು, ಪ್ರೊಪೀನೇನ್: ಒಬ್ಬನ ಹೆಸರು ಹೇಳಿ ತಾನು ಮೊದಲು ಕುಡಿದು ಬಟ್ಟಲನ್ನು ಅವನಿಗೆ ದಾಟಿಸುವುದು. ಬಟ್ಟಲು ಪಡೆದವನ ಸರದಿ ಮುಂದಿನದು. ಕ್ರಿಟಿಯಾಸನ ಹೆಸರಿನಲ್ಲಿ ವಿಷ ಕುಡಿದವನು, ಮುಂದಿನ ಸರದಿ ನಿನ್ನದು ಎಂದು ಹೇಳಿ ಹೋಗಿದ್ದ. ಕೆಲವೇ ತಿಂಗಳಲ್ಲಿ ಕ್ರಿಟಿಯಾಸ್ ಮುನಿಖಿಯಾ ಗುಡ್ಡದ ಕಾಳಗದಲ್ಲಿ ಸತ್ತ.

ಗ್ರೀಕರ ಕುಡಿತದ ಪದಕೋಶ ದೊಡ್ಡದು. ಕ್ರಿ.ಶ. 200ರ ಆಸುಪಾಸಿನಲ್ಲಿ ಈಜಿಪ್ಟಿನ ನೌಕ್ರಾಟಿಸ್ ಊರಿನ ಅಥೀನಿಯಸ್ ಹದಿನೈದು ಭಾಗಗಳ ಗ್ರಂಥದಲ್ಲಿ ಊಟ-ಪಾನದ ಮಾತುಗಳನ್ನೆಲ್ಲ ಕೂಡಿಟ್ಟ. ಅದರ ಹನ್ನೊಂದನೆಯ ಭಾಗದ ಬಹುಪಾಲು ಬಟ್ಟಲುಗಳ ಹೆಸರುಗಳಿಗೇ ಮೀಸಲು. ಆದರೆ ಈ ಪದಕೋಶವನ್ನು ಮದ್ಯದ ಲೆಕ್ಕಪುಸ್ತಕವೆಂದು ಓದಿದರೆ ಅದರ ಜೀವ ತಪ್ಪಿಹೋಗುತ್ತದೆ. ಯಾರು ಯಾರಿಗೆ ಕುಡಿಸಿದರು, ಸರದಿ ಯಾರದು, ಬೇಡ ಎನ್ನುವ ಹಕ್ಕು ಯಾರಿಗಿತ್ತು ಎಂಬುದೇ ಆ ಪದಗಳ ನಿಜವಾದ ಚಿಂತೆ. ಅದಕ್ಕೇ ಅವು ಗೋಷ್ಠಿಯ ಕೋಣೆಯಿಂದ ಹೊರಬಿದ್ದು ನ್ಯಾಯಾಲಯಕ್ಕೂ ರಾಜಕೀಯಕ್ಕೂ ಸಲೀಸಾಗಿ ನಡೆದುಹೋದವು.

ಮೊದಲು ಕೋಣೆಯನ್ನು ನೋಡೋಣ. 'ಸುಂಪೋಸಿಯಾನ್' ಎಂದರೆ ಒಟ್ಟಾಗಿ ಕುಡಿಯುವುದು. ಇಂದು ವಿದ್ವಾಂಸರ ಸಭೆಗೆ ಬಳಸುವ ಸಿಂಪೋಸಿಯಂ ಅದರದೇ ಸಂತಾನ. ಊಟ ಮುಗಿದು, ಕೈತೊಳೆದು, ಮೇಜುಗಳನ್ನು ಎತ್ತಿದ ಮೇಲೆ ಅದು ಶುರುವಾಗುತ್ತಿತ್ತು. ಸ್ಥಳ 'ಆಂದ್ರೋನ್', ಅಂದರೆ ಗಂಡಸರ ಕೋಣೆ. ಗೋಡೆಯುದ್ದಕ್ಕೂ ಮಂಚಗಳು, ಒಂದೊಂದು ಮಂಚದಲ್ಲಿ ಸಾಮಾನ್ಯವಾಗಿ ಇಬ್ಬರು, ಎಡ ಮೊಣಕೈ ಊರಿ ಒರಗಿದವರು. ಮನೆಯ ಹೆಂಡತಿ, ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ. ಕೊಳಲು ನುಡಿಸುವ ಹೆಣ್ಣುಗಳು, 'ಹೆತೈರಾ' ಎನ್ನಿಸಿಕೊಂಡ ಗಣಿಕೆಯರು, ವೈನ್ ಹೊಯ್ಯುವ ಗುಲಾಮ ಹುಡುಗರು ಇರುತ್ತಿದ್ದರು. ಈ ಸಮಾನರ ಕೂಟ ಗುಲಾಮರ ದುಡಿಮೆಯ ಮೇಲೆ ನಿಂತಿತ್ತೆಂಬುದನ್ನು ಅದರ ಸೊಗಸಿನ ವರ್ಣನೆಯಲ್ಲಿ ಮರೆಯಬಾರದು.

ಕೋಣೆಯ ಕೇಂದ್ರ 'ಕ್ರಾತೇರ್': ವೈನಿಗೆ ನೀರು ಬೆರೆಸುವ ಅಗಲ ಬಾಯಿಯ ದೊಡ್ಡ ಪಾತ್ರೆ. ಹೆಸರಿನ ಮೂಲವೇ ಬೆರೆಸುವುದು. ಗ್ರೀಕರು ನೀರು ಬೆರೆಸದ ವೈನ್ ಕುಡಿಯುವುದನ್ನು ಅನಾಗರಿಕರ ಲಕ್ಷಣವೆಂದೇ ಎಣಿಸಿದ್ದರು. ಕವಿ ಹೆಸಿಯಡ್ ಮೂರು ಪಾಲು ನೀರಿಗೆ ಒಂದು ಪಾಲು ವೈನ್ ಎನ್ನುತ್ತಾನೆ. ತೆಯೋಸ್ ನಗರದ ಕವಿ ಅನಾಕ್ರಿಯಾನ್ ಹತ್ತು ಸೌಟು ನೀರಿಗೆ ಐದು ಸೌಟು ವೈನ್ ಹಾಕು ಎಂದು ಹುಡುಗನಿಗೆ ಹೇಳುತ್ತಾನೆ. ಪ್ರಮಾಣ ಎಷ್ಟು, ಎಷ್ಟು ಕ್ರಾತೇರ್ ಬೆರೆಸಬೇಕು ಎಂದು ತೀರ್ಮಾನಿಸುವವನು 'ಸುಂಪೋಸಿಯಾರ್ಖ್', ಆ ರಾತ್ರಿಯ ಯಜಮಾನ. ಎಲ್ಲರಿಗೂ ಒಂದೇ ಪಾತ್ರೆಯಿಂದ, ಒಂದೇ ಹದದ ಪಾನೀಯ. ಒಬ್ಬ ತನಗೆ ಗಟ್ಟಿ, ಪಕ್ಕದವನಿಗೆ ತೆಳು ಮಾಡಿಕೊಳ್ಳುವಂತಿರಲಿಲ್ಲ. ಈ ಅಭ್ಯಾಸ ಭಾಷೆಯಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂದರೆ, ಹಳೆಯ ಗ್ರೀಕಿನಲ್ಲಿ ವೈನಿಗೆ 'ಓಯ್ನೋಸ್' ಎಂಬ ಹೆಸರಿದ್ದರೂ ಇಂದಿನ ಗ್ರೀಕರು ಅದನ್ನು 'ಕ್ರಾಸಿ' ಎನ್ನುತ್ತಾರೆ. ಬೆರೆಸಿದ್ದು ಎಂಬ ಅರ್ಥದ ಮೂಲದಿಂದ ಬಂದ ಪದ ಅದು. ನೀರು ಬೆರೆಸುವ ರೂಢಿ ಹೋಯಿತು, ಹೆಸರು ಉಳಿಯಿತು.

ಎಷ್ಟು ಕ್ರಾತೇರ್ ಸಾಕು? ಹಾಸ್ಯನಾಟಕಕಾರ ಯೂಬುಲಸ್‌ನ ಒಂದು ತುಣುಕಿನಲ್ಲಿ ಸ್ವತಃ ಡಯೊನೈಸಸ್ ದೇವರು ಲೆಕ್ಕ ಹೇಳುತ್ತಾನೆ. ಬುದ್ಧಿವಂತರಿಗೆ ಮೂರೇ: ಮೊದಲನೆಯದು ಆರೋಗ್ಯಕ್ಕೆ, ಎರಡನೆಯದು ಪ್ರೀತಿ-ಸುಖಕ್ಕೆ, ಮೂರನೆಯದು ನಿದ್ದೆಗೆ. ಅದು ಮುಗಿದ ಮೇಲೆ ಜಾಣರು ಮನೆಗೆ ಹೋಗುತ್ತಾರೆ. ನಾಲ್ಕನೆಯದು ನನ್ನದಲ್ಲ, ಸೊಕ್ಕಿನದು ಎನ್ನುತ್ತಾನೆ ದೇವರು. ಐದನೆಯದು ಕೂಗಾಟದ್ದು, ಆರನೆಯದು ಬೀದಿ ಮೆರವಣಿಗೆಯದು, ಏಳನೆಯದು ಕಪ್ಪಾದ ಕಣ್ಣಿನದು, ಎಂಟನೆಯದು ನ್ಯಾಯಾಲಯದ ಕರೆಯದು, ಒಂಬತ್ತನೆಯದು ಪಿತ್ತದ್ದು, ಹತ್ತನೆಯದು ಹುಚ್ಚಿನದು. ಆರನೆಯ ಮೆಟ್ಟಿಲಿನ ಮೆರವಣಿಗೆಗೆ ಗ್ರೀಕ್ ಪದ 'ಕೋಮೋಸ್'. ಕುಡಿದವರು ಹೂಮಾಲೆ, ಪಂಜು, ಕೊಳಲುಗಳೊಂದಿಗೆ ಬೀದಿಗಿಳಿದು ಇನ್ನೊಬ್ಬರ ಮನೆಯ ಬಾಗಿಲು ಬಡಿಯುವುದು. ಕಾಮಿಡಿ ಎಂಬ ಪದದ ಮೊದಲರ್ಧ ಇದೇ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ.

ಈಗ ಕೊಟ್ಟಬೋಸ್. ಗ್ರೀಕರು ಕುಡಿಯುತ್ತಿದ್ದ 'ಕೂಲಿಕ್ಸ್' ಎಂಬ ಬಟ್ಟಲು ಅಗಲವಾದದ್ದು, ಆಳವಿಲ್ಲದ್ದು, ಎರಡು ಹಿಡಿಗಳುಳ್ಳದ್ದು. ವೈನಿನಲ್ಲಿ ಗಸಿ ಇರುತ್ತಿದ್ದುದರಿಂದ ತಳದಲ್ಲಿ ಒಂದಿಷ್ಟು ಉಳಿಯುತ್ತಿತ್ತು. ಆಟಗಾರ ಒರಗಿದಲ್ಲಿಂದಲೇ ಒಂದು ಹಿಡಿಯೊಳಗೆ ತೋರುಬೆರಳು ತೂರಿಸಿ, ಮಣಿಕಟ್ಟನ್ನು ತಿರುಗಿಸಿ ಆ ಗಸಿಯನ್ನು ಎಸೆಯುತ್ತಿದ್ದ. ಎಸೆದ ಹನಿಗೆ 'ಲಾತಾಕ್ಸ್' ಎಂದು ಹೆಸರು. ಗುರಿ ಎರಡು ಬಗೆ. ಒಂದರಲ್ಲಿ ಎತ್ತರದ ಕಂಬದ ತುದಿಯಲ್ಲಿ ತೂಗುವ ಪುಟ್ಟ ಕಂಚಿನ ತಟ್ಟೆ, 'ಪ್ಲಾಸ್ಟಿಂಕ್ಸ್'. ಹನಿ ತಾಗಿ ಅದು ಕೆಳಗಿನ ಲೋಹದ ಮೇಲೆ ಠಣ್ಣೆಂದು ಬೀಳಬೇಕು. ಇನ್ನೊಂದರಲ್ಲಿ ನೀರಿನ ಬೋಗುಣಿಯಲ್ಲಿ ತೇಲುವ ಸಣ್ಣ ಬಟ್ಟಲುಗಳನ್ನು ಹನಿ ಎಸೆದೆಸೆದು ಮುಳುಗಿಸಬೇಕು. ಬಹುಮಾನವಾಗಿ ಮೊಟ್ಟೆ, ಸಿಹಿ ತಿನಿಸು, ಕೆಲವೊಮ್ಮೆ ಚುಂಬನ. ಬಲಕ್ಕಿಂತ ಕೈಚಳಕಕ್ಕೆ, ಒರಗಿದ ಭಂಗಿ ಕೆಡದ ಲಾವಣ್ಯಕ್ಕೆ ಬೆಲೆ. ಕುಡಿದಷ್ಟೂ ಗುರಿ ತಪ್ಪುವ ಆಟವಿದು. ಹಾಗಾಗಿ ಕುಡಿದೂ ಹಿಡಿತದಲ್ಲಿರುವವನೇ ಗೆಲ್ಲುತ್ತಿದ್ದ. ನನಗೆ ಗ್ರೀಕರ ಪಾನಸ್ಪರ್ಧೆಗಳಲ್ಲೆಲ್ಲ ಇದೇ ಅತ್ಯಂತ ನಾಗರಿಕವಾದದ್ದು ಎನಿಸುತ್ತದೆ.

ಎಸೆಯುವಾಗ ಪ್ರಿಯರ ಹೆಸರು ಹೇಳುವುದು ಪದ್ಧತಿ. ಕ್ರಿ.ಪೂ. ಆರನೆಯ ಶತಮಾನದ ಕೊನೆಯಲ್ಲಿ ಯೂಫ್ರೋನಿಯೋಸ್ ಎಂಬ ಅಥೆನ್ಸಿನ ಚಿತ್ರಕಾರ ಒಂದು 'ಪ್ಸೂಕ್ತೇರ್' ಮೇಲೆ, ಅಂದರೆ ವೈನ್ ತಂಪು ಮಾಡುವ ಪಾತ್ರೆಯ ಮೇಲೆ, ನಾಲ್ವರು ಗಣಿಕೆಯರನ್ನು ಬರೆದ. ಅದು ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದೆ. ಅವರಲ್ಲಿ ಸ್ಮಿಕ್ರಾ ಎಂಬವಳು ಬಟ್ಟಲನ್ನು ಬೆರಳಲ್ಲಿ ತೂಗುತ್ತಿದ್ದಾಳೆ, ಪಕ್ಕದಲ್ಲಿ ಅವಳ ಮಾತು: "ಲೆಯಾಗ್ರೋಸ್, ಇದನ್ನು ನಿನಗೆ ಎಸೆಯುತ್ತಿದ್ದೇನೆ." ಆ ಸಾಲು ಅಥೆನ್ಸಿನ ಆಡುಭಾಷೆಯಲ್ಲಿಲ್ಲ, ಡೋರಿಕ್ ಉಪಭಾಷೆಯಲ್ಲಿದೆ. ಆಟ ಡೋರಿಕ್ ಮಾತಾಡುವ ಗ್ರೀಕರಿದ್ದ ಸಿಸಿಲಿಯಿಂದ ಬಂದದ್ದು ಎಂಬ ನಂಬಿಕೆಗೆ ಇದು ಹೊಂದುತ್ತದೆ. ಕೊಟ್ಟಬೋಸ್ ಸಿಸಿಲಿಯ ನೆಲದ ಕೊಡುಗೆ ಎಂದು ಪದ್ಯದಲ್ಲಿ ಹೇಳಿದವನು ಯಾರೆಂದರೆ, ಅದೇ ಕ್ರಿಟಿಯಾಸ್. ಆತ ಕವಿಯೂ ಆಗಿದ್ದ.

ಪಾನಗೋಷ್ಠಿಯ ಬಗ್ಗೆ ಕ್ರಿಟಿಯಾಸ್ ಬರೆದ ಇನ್ನೊಂದು ಪದ್ಯದಲ್ಲಿ ಸ್ಪಾರ್ಟದ ಹೊಗಳಿಕೆಯಿದೆ. ಅಲ್ಲಿ ಪ್ರತಿಯೊಬ್ಬನೂ ತನ್ನದೇ ಬಟ್ಟಲಿನಿಂದ ಕುಡಿಯುತ್ತಾನೆ. ಹೆಸರು ಕೂಗಿ ಬಟ್ಟಲು ದಾಟಿಸುವುದಿಲ್ಲ. ಬಟ್ಟಲು ಬಲಕ್ಕೆ ಸುತ್ತು ಬರುವುದೂ ಇಲ್ಲ. ಆ ಪದ್ಧತಿಯಿಂದ ನಾಲಗೆ ಸಡಿಲವಾಗುತ್ತದೆ, ಮೈ ದುರ್ಬಲವಾಗುತ್ತದೆ ಎಂಬುದು ಅವನ ದೂರು. ಅವನು ದೂರಿದ್ದು ಅಥೆನ್ಸಿನ ಎರಡು ನಿಯಮಗಳನ್ನು. 'ಎಪಿದೆಕ್ಸಿಯಾ', ಬಲಕ್ಕೆ ಸಾಗುವ ಸರದಿ: ಬಟ್ಟಲು, ಹಾಡು, ಮಾತು ಎಲ್ಲವೂ ಇದೇ ದಿಕ್ಕಿನಲ್ಲಿ. ಎರಡನೆಯದು, ಪ್ರೊಪೀನೇನ್. ಹೆಸರಿಡಿದು ಕುಡಿಸುವುದನ್ನೇ ಅಸಹ್ಯಪಟ್ಟವನನ್ನು ಥೆರಾಮೆನೀಸ್ ಹೆಸರಿಡಿದೇ ಕರೆದ ಎಂಬುದನ್ನು ಗಮನಿಸಿದರೆ, ಆ ಕೊನೆಯ ಮಾತಿನ ಮೊನೆ ಇನ್ನಷ್ಟು ಹರಿತವಾಗಿ ಕಾಣುತ್ತದೆ. ಇದು ನನ್ನ ಓದು. ಆದರೆ ಎರಡೂ ಸಂಗತಿಗಳು ಪಠ್ಯದಲ್ಲಿವೆ.

ಸ್ಪಾರ್ಟದ ಸೈನಿಕನ ಬಟ್ಟಲಿಗೆ 'ಕೋಥೋನ್' ಎಂದು ಹೆಸರು. ಅದರ ಬಣ್ಣ ಕೊಳಕು ನೀರಿನ ನೋಟವನ್ನು ಮರೆಸುತ್ತದೆ, ಒಳಕ್ಕೆ ಬಾಗಿದ ಅಂಚು ಕೆಸರನ್ನು ತಡೆಯುತ್ತದೆ ಎಂದು ಕ್ರಿಟಿಯಾಸ್ ಅದನ್ನೂ ಮೆಚ್ಚಿದ. ದಂಡಯಾತ್ರೆಯಲ್ಲಿ ನೀರು ಕುಡಿಯಲು ಬಳಸುತ್ತಿದ್ದ ಈ ಬಟ್ಟಲಿನಿಂದಲೇ ಗ್ರೀಕರು 'ಕೋಥೋನಿಝೇನ್' ಎಂಬ ಕ್ರಿಯಾಪದ ಮಾಡಿಕೊಂಡರು. ಅದರ ಅರ್ಥ ಕಂಠಪೂರ್ತಿ ಕುಡಿಯುವುದು.

ಪ್ರೊಪೀನೇನ್ ಪದ ಹೋದ ದಾರಿ ಇನ್ನೂ ದೂರದ್ದು. ಗೌರವಕ್ಕಾಗಿ ಕುಡಿಸುವಾಗ ಕೆಲವೊಮ್ಮೆ ಬೆಲೆಬಾಳುವ ಬಟ್ಟಲನ್ನೂ ಜೊತೆಗೆ ಕೊಟ್ಟುಬಿಡುತ್ತಿದ್ದರು. ಕವಿ ಪಿಂಡಾರ್ ಒಂದು ವಿಜಯಗೀತೆಯನ್ನು ಶುರುಮಾಡುವುದೇ ಮಾವನೊಬ್ಬ ಅಳಿಯನಿಗೆ ಚಿನ್ನದ ಬಟ್ಟಲನ್ನು ಹೀಗೆ ದಾಟಿಸುವ ಚಿತ್ರದಿಂದ. ಕುಡಿದ ಅಮಲಿನಲ್ಲಿ ಅಮೂಲ್ಯವಾದದ್ದನ್ನು ಕೊಟ್ಟುಬಿಡುವುದು ಎಂಬ ಅರ್ಥ ಪದಕ್ಕೆ ಅಂಟಿಕೊಂಡಿತು. ಕ್ರಿ.ಪೂ. 330ರಲ್ಲಿ ಅಥೆನ್ಸಿನ ವಾಗ್ಮಿ ಡೆಮಾಸ್ತನೀಸ್ ತನ್ನ ಅತ್ಯಂತ ಪ್ರಸಿದ್ಧ ಭಾಷಣದಲ್ಲಿ ಮ್ಯಾಸಿಡೋನಿಯಾದ ಪಕ್ಷ ವಹಿಸಿದ ಗ್ರೀಕರನ್ನು ಖಂಡಿಸುತ್ತ ಈ ಪದವನ್ನೇ ಎತ್ತಿಕೊಂಡ: ಅವರು ಸ್ವಾತಂತ್ರ್ಯವನ್ನು ಮೊದಲು ಫಿಲಿಪ್‌ಗೆ, ಈಗ ಅಲೆಕ್ಸಾಂಡರ್‌ಗೆ ಕುಡಿದು ದಾಟಿಸಿಬಿಟ್ಟರು. ನಾಡನ್ನು ಮಾರಿದರು ಎನ್ನುವುದಕ್ಕಿಂತ ಇದು ಹೆಚ್ಚು ಚುಚ್ಚುತ್ತದೆ. ಮಾರಿದವನಿಗೆ ಬೆಲೆಯಾದರೂ ಸಿಗುತ್ತದೆ. ಇವರು ಗೋಷ್ಠಿಯ ಗೆಳೆತನದ ಭರದಲ್ಲಿ ಕೊಟ್ಟುಬಿಟ್ಟವರು.

ಹೀಗೆ ಹೇಳಿದ ಡೆಮಾಸ್ತನೀಸ್ ನೀರು ಕುಡಿಯುವವನೆಂದೇ ಹೆಸರಾಗಿದ್ದ. ಎದುರಾಳಿ ಫಿಲೋಕ್ರಟೀಸ್ ಒಮ್ಮೆ ಸಭೆಯಲ್ಲಿ, ನಮ್ಮಿಬ್ಬರ ಅಭಿಪ್ರಾಯ ಬೇರೆಯಾಗುವುದರಲ್ಲಿ ಏನು ಆಶ್ಚರ್ಯ, ಅವನು ನೀರು ಕುಡಿಯುತ್ತಾನೆ, ನಾನು ವೈನ್ ಎಂದಾಗ ಜನ ನಕ್ಕರಂತೆ. ಇದನ್ನು ನಮಗೆ ತಿಳಿಸಿದವನೂ ಡೆಮಾಸ್ತನೀಸನೇ. ಗೋಷ್ಠಿಯ ಸರದಿಗೆ ಸಿಗದವನ ಬಗ್ಗೆ ಆ ಸಮಾಜಕ್ಕೆ ಎಂಥ ಗುಮಾನಿಯಿತ್ತು ಎಂಬುದು ಆ ನಗುವಿನಿಂದ ತಿಳಿಯುತ್ತದೆ.

ಗುಮಾನಿಗೆ ಒಂದು ಸೂತ್ರರೂಪವೂ ಇತ್ತು: "ಏ ಪೀಥಿ ಏ ಆಪಿಥಿ." ಕುಡಿ, ಇಲ್ಲವೇ ನಡಿ. ರೋಮಿನ ಸಿಸೆರೊ ಇದನ್ನು ಗ್ರೀಕರ ಗೋಷ್ಠಿಯ ಕಾನೂನೆಂದೇ ಉಲ್ಲೇಖಿಸುತ್ತಾನೆ. ಆದರೆ ಬಲವಂತಕ್ಕೆ ಗ್ರೀಕರೊಳಗೇ ವಿರೋಧವಿತ್ತು. ಬಲವಂತವಾಗಿ ಕುಡಿಯುವುದು ಬಾಯಾರಿಕೆಯಷ್ಟೇ ಕೆಟ್ಟದ್ದು ಎಂಬ ಸೊಫೋಕ್ಲೀಸನ ಸಾಲೊಂದು ಉಳಿದಿದೆ. ಕ್ರಿ.ಪೂ. 416ರಲ್ಲಿ ಅಗಾಥಾನನ ನಾಟಕದ ಗೆಲುವಿನ ನೆಪದಲ್ಲಿ ನಡೆದಂತೆ ಪ್ಲೇಟೋ ಚಿತ್ರಿಸಿದ ಗೋಷ್ಠಿಯಲ್ಲಿ ಅತಿಥಿಗಳು ಮೊದಲು ಮಾಡುವ ಒಪ್ಪಂದವೇ ಇದು: ಇಂದು ಕಡ್ಡಾಯವಿಲ್ಲ, ಬೇಕಾದಷ್ಟೇ ಕುಡಿಯೋಣ, ಮಾತಾಡೋಣ. ಹಿಂದಿನ ದಿನದ ಕುಡಿತದ ಭಾರ ಇನ್ನೂ ಇಳಿದಿರಲಿಲ್ಲ. ಆ ಒಪ್ಪಂದವನ್ನು ಮುರಿಯುವವನು ಅಥೆನ್ಸಿನ ರಾಜಕಾರಣಿ ಆಲ್ಸಿಬಯಡೀಸ್. ತಡವಾಗಿ, ಕುಡಿದೇ ಬಂದು, ತನ್ನನ್ನು ತಾನೇ ಯಜಮಾನನೆಂದು ಘೋಷಿಸಿಕೊಂಡು, ಎಂಟು ಕೊತೂಲೆಗಿಂತ ಹೆಚ್ಚು ಹಿಡಿಯುವ ಪ್ಸೂಕ್ತೇರನ್ನೇ ತರಿಸಿ ಬರಿದು ಮಾಡುತ್ತಾನೆ. ನಮ್ಮ ಲೆಕ್ಕದಲ್ಲಿ ಎರಡು ಲೀಟರಿಗೂ ಹೆಚ್ಚು. ಅದನ್ನು ಮತ್ತೆ ತುಂಬಿಸಿ ಸಾಕ್ರಟೀಸನಿಗೆ ಕೊಡಿಸುತ್ತಾನೆ. ಸಾಕ್ರಟೀಸ್ ಕುಡಿಯುತ್ತಾನೆ, ಅವನಿಗೆ ಎಂದೂ ಅಮಲೇರದು.

ಒಂದೇ ಉಸಿರಿಗೆ ಬಟ್ಟಲು ಬರಿದು ಮಾಡುವುದಕ್ಕೆ ಗ್ರೀಕರಲ್ಲಿ ಪ್ರತ್ಯೇಕ ಪದವಿತ್ತು: 'ಆಮೂಸ್ತಿಸ್', ಬಾಯಿ ಮುಚ್ಚದೆ ಕುಡಿಯುವುದು. ಅದರ ಸಾರ್ವಜನಿಕ ರೂಪ ಅಥೆನ್ಸಿನ ಆಂಥೆಸ್ಟೇರಿಯಾ ಹಬ್ಬದ ಎರಡನೆಯ ದಿನ, 'ಖೋಎಸ್'. 'ಖೂಸ್' ಎಂಬುದು ಸುಮಾರು 3.2 ಲೀಟರಿನ ಹೂಜಿ. ಕಹಳೆ ಊದಿದೊಡನೆ ಪ್ರತಿಯೊಬ್ಬನೂ ತನ್ನ ತನ್ನ ಹೂಜಿಯಿಂದ ಕುಡಿಯಲು ತೊಡಗಬೇಕು. ಮೊದಲು ಮುಗಿಸಿದವನಿಗೆ ಬಹುಮಾನ. ಕ್ರಿ.ಪೂ. 425ರ ಅರಿಸ್ಟೋಫೆನೀಸನ ನಾಟಕದಲ್ಲಿ ನಾಯಕ, ನೀರು ಬೆರೆಸದ್ದನ್ನು ಒಂದೇ ಉಸಿರಿಗೆ ಮುಗಿಸಿದೆ ಎಂದು ಕೂಗಿ ವೈನ್ ತುಂಬಿದ ತೊಗಲಚೀಲ ಗೆಲ್ಲುತ್ತಾನೆ. ಹಂಚಿಕೊಳ್ಳುವುದೇ ಧರ್ಮವಾಗಿದ್ದ ಊರಿನಲ್ಲಿ ವರ್ಷಕ್ಕೊಂದು ದಿನ ಯಾರೂ ಯಾರೊಂದಿಗೂ ಹಂಚಿಕೊಳ್ಳದೆ ಬೇರೆಬೇರೆಯಾಗಿ ಕುಡಿಯುತ್ತಿದ್ದುದು ವಿಚಿತ್ರ. ಇದರ ಕಾರಣಕಥೆಯನ್ನು ಯೂರಿಪಿಡೀಸ್ ಹೇಳುತ್ತಾನೆ: ತಾಯಿಯನ್ನು ಕೊಂದ ಒರೆಸ್ಟೀಸ್ ಅಥೆನ್ಸಿಗೆ ಬಂದಾಗ ಅವನ ಮೈಲಿಗೆ ತಾಗದಿರಲಿ, ಅವನಿಗೆ ಅವಮಾನವೂ ಆಗದಿರಲಿ ಎಂದು ಆತಿಥೇಯರು ಎಲ್ಲರಿಗೂ ಬೇರೆ ಬೇರೆ ಪಾತ್ರೆ ಇಟ್ಟು ಮೌನವಾಗಿ ಕುಡಿದರಂತೆ.

ಸ್ಪರ್ಧೆಯ ಅತಿರೇಕ ಅಲೆಕ್ಸಾಂಡರನ ಪಾಳೆಯದಲ್ಲಿ ಕಾಣುತ್ತದೆ, ಅದಕ್ಕೆ ನೆಪ ಒಬ್ಬ ಭಾರತೀಯ. ತಕ್ಷಶಿಲೆಯಿಂದ ಸೈನ್ಯದ ಜೊತೆ ಹೋದ ತಪಸ್ವಿ ಕಲಾನೋಸ್ ಕ್ರಿ.ಪೂ. 324ರಲ್ಲಿ, ಕಾಯಿಲೆ ಬಿದ್ದು, ಪರ್ಷಿಯಾದ ನೆಲದಲ್ಲಿ ತಾನೇ ಚಿತೆಯೇರಿದ. ಅವನ ನೆನಪಿಗೆ ಅಲೆಕ್ಸಾಂಡರ್ 'ಅಕ್ರಾತೊಪೊಸಿಯಾ' ಸ್ಪರ್ಧೆ ಏರ್ಪಡಿಸಿದ: ನೀರು ಬೆರೆಸದ ವೈನ್ ಕುಡಿಯುವ ಪಂದ್ಯ. ಪ್ರೊಮಾಖೋಸ್ ಎಂಬವನು ನಾಲ್ಕು ಖೂಸ್, ಅಂದರೆ ಹದಿಮೂರು ಲೀಟರಿನಷ್ಟು ಕುಡಿದು ಒಂದು ಟ್ಯಾಲೆಂಟ್ (ಆಗಿನ ಹಣದ ಒಂದು ದೊಡ್ಡ ಅಳತೆ) ಬಹುಮಾನ ಗೆದ್ದ. ಕೆಲವೇ ದಿನಗಳಲ್ಲಿ ಸತ್ತ. ಉಳಿದ ಸ್ಪರ್ಧಿಗಳಲ್ಲಿ 41 ಮಂದಿ ಸತ್ತರೆಂದು ಪ್ಲೂಟಾರ್ಕ್ ಬರೆಯುತ್ತಾನೆ. ತಪಸ್ವಿಯ ಸಾವಿಗೆ ಇಂಥ ಶ್ರದ್ಧಾಂಜಲಿ ಸಂದದ್ದು ನನಗೆ ಇಂದಿಗೂ ಅರಗದ ಸಂಗತಿ.

'ಅಕ್ರಾತೋಸ್', ಬೆರೆಸದ್ದು, ಎಂಬ ಈ ಪದ ಗ್ರೀಕರ ಕಣ್ಣಿನಲ್ಲಿ ಪರಕೀಯರ ಗುರುತು. ಸ್ಪಾರ್ಟದ ದೊರೆ ಕ್ಲಿಯೊಮೆನೀಸ್ ಹುಚ್ಚನಾಗಿ ಸತ್ತದ್ದೇಕೆ ಎಂದು ಕೇಳಿದರೆ, ಉತ್ತರದ ಹುಲ್ಲುಗಾವಲುಗಳ ಸಿಥಿಯನ್ ಜನರ ದೂತರ ಸಹವಾಸದಲ್ಲಿ ನೀರು ಬೆರೆಸದೆ ಕುಡಿಯುವುದನ್ನು ಕಲಿತದ್ದಕ್ಕೆ ಎಂದು ಸ್ಪಾರ್ಟದವರು ಹೇಳುತ್ತಿದ್ದರಂತೆ. ಅಂದಿನಿಂದ ಗಟ್ಟಿ ಪಾನೀಯ ಬೇಕಾದಾಗ ಅವರು 'ಎಪಿಸ್ಕೂಥಿಸೋನ್' ಎನ್ನುತ್ತಿದ್ದರು ಎಂದು ಹೆರೊಡೋಟಸ್ ದಾಖಲಿಸುತ್ತಾನೆ: ಸಿಥಿಯನ್ನರಂತೆ ಸುರಿ.

ಅಮಲಿನ ಹಂತಗಳಿಗೂ ಹೆಸರುಗಳಿದ್ದವು. ಕುಡಿತವನ್ನು ಎದೆಗವಚ ತೊಡುವುದಕ್ಕೆ ಹೋಲಿಸುವ ಹಳೆಯ ರೂಢಿಯೊಂದಿತ್ತು. ಅದರಿಂದ ಹುಟ್ಟಿದ 'ಅಕ್ರೋಥೋರಾಕ್ಸ್' ಎಂದರೆ ಅರ್ಧ ಅಮಲಿನವನು. ಪೂರ್ತಿ ಕುಡಿದವನಿಗಿಂತ ಇವನೇ ಹೆಚ್ಚು ರಂಪ ಮಾಡುತ್ತಾನೇಕೆ ಎಂಬ ಪ್ರಶ್ನೆ ಅರಿಸ್ಟಾಟಲನ ಪರಂಪರೆಯ ಗ್ರಂಥವೊಂದರಲ್ಲಿ ಚರ್ಚೆಗೆ ಬರುತ್ತದೆ. ಇವನು ಇನ್ನೂ ತೀರ್ಪು ಕೊಡಬಲ್ಲ, ಆದರೆ ತಪ್ಪು ತೀರ್ಪು ಕೊಡುತ್ತಾನೆ. ಪೂರ್ತಿ ಕುಡಿದವನು ತೀರ್ಪು ಕೊಡುವ ಗೋಜಿಗೇ ಹೋಗುವುದಿಲ್ಲ ಎಂಬುದು ಅಲ್ಲಿನ ಉತ್ತರ. ಪ್ಲೇಟೋನ ಗೋಷ್ಠಿಯಲ್ಲಿ ಅರಿಸ್ಟೋಫೆನೀಸ್ ತನ್ನನ್ನು ನಿನ್ನೆ ಮುಳುಗಿದವರಲ್ಲಿ ಒಬ್ಬ ಎಂದುಕೊಳ್ಳುತ್ತಾನೆ. ಮುಳುಗು ಎಂಬುದಕ್ಕೆ ಅವನು ಬಳಸಿದ ಕ್ರಿಯಾಪದವನ್ನೇ ಮುಂದೆ ಕ್ರೈಸ್ತರು ದೀಕ್ಷಾಸ್ನಾನಕ್ಕೆ ಇಟ್ಟುಕೊಂಡರು. 'ಪರೋಯ್ನಿಯಾ' ಎಂದರೆ ಕುಡಿದು ಮಾಡುವ ದುರ್ವರ್ತನೆ. ಕುಡಿದಿದ್ದೆ ಎಂಬ ನೆಪ ನಡೆಯಬಾರದೆಂದು ಮಿಟಿಲೀನಿಯ ಆಳ್ವಿಕೆಗಾರ ಪಿಟ್ಟಕೋಸ್ ಅಂಥ ತಪ್ಪಿಗೆ ಹೆಚ್ಚಿನ ದಂಡ ವಿಧಿಸುವ ಕಾನೂನು ತಂದಿದ್ದ. ಮರುದಿನದ ತಲೆಭಾರಕ್ಕೆ 'ಕ್ರೈಪಾಲೆ' ಎಂದು ಹೆಸರು, ಎಲೆಕೋಸು ಅದರ ಹೆಸರಾಂತ ಮದ್ದು.

ಕನ್ನಡಿಗರಿಗೆ ಈ ಪದಗಳಲ್ಲಿ ಅತ್ಯಂತ ಹತ್ತಿರದ್ದು ಅಕ್ರಾತೋಸ್. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದು ತೆಗೆದು 1903ರಲ್ಲಿ ಪ್ರಕಟಿಸಿದ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನವಿದೆ. ಪ್ರತಿ ಕ್ರಿ.ಶ. ಎರಡನೆಯ ಶತಮಾನದ್ದು, ಕಥೆ ನಡೆಯುವುದು ಭಾರತದ ಕರಾವಳಿಯಲ್ಲಿ. ಸೆರೆಯಾದ ಖಾರಿಟಿಯಾನ್ ಎಂಬ ಗ್ರೀಕ್ ಹೆಣ್ಣನ್ನು ಬಿಡಿಸಿಕೊಂಡು ಹೋಗಲು ಅವಳ ಕಡೆಯವರು ಹೂಡುವ ಉಪಾಯ ಪೂರ್ತಿಯಾಗಿ ಈ ಪದದ ಮೇಲೆ ನಿಂತಿದೆ. ಈ ಸೀಮೆಯಲ್ಲಿ ವೈನ್ ಮಾರಾಟಕ್ಕಿಲ್ಲ, ಅದರ ಅನುಭವವಿಲ್ಲದ ಇವರು ಸಿಕ್ಕರೆ ಬೆರೆಸದೆಯೇ ಕುಡಿಯುತ್ತಾರೆ ಎಂದು ಒಬ್ಬ ಪಾತ್ರಧಾರಿ ಹೇಳುತ್ತಾನೆ. ಹಾಗೆಯೇ ಆಗುತ್ತದೆ. ರಾಜ ಕುಡಿದು ಕುಣಿಯುತ್ತಾನೆ, ಅವನನ್ನು ಕಟ್ಟಿಹಾಕಿ ಗ್ರೀಕರು ಹಡಗು ಹತ್ತುತ್ತಾರೆ.

ರಾಜ ಮತ್ತು ಅವನ ಜನ ಆಡುವ ಮಾತು ಗ್ರೀಕ್ ಅಲ್ಲ. 1904ರಲ್ಲಿ ಶಾಸನತಜ್ಞ ಹುಲ್ಟ್ಸ್ ಅದು ಕನ್ನಡವೆಂದು ವಾದಿಸಿದ. ಕುಡಿಯುವ ದೃಶ್ಯದ ಒಂದು ಸಾಲನ್ನು ಅವನು "ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ" ಎಂದು ಓದಿದ. ಮೈಸೂರಿನ ಆರ್. ಶಾಮಶಾಸ್ತ್ರಿ ಮತ್ತು ಮಂಜೇಶ್ವರದ ಗೋವಿಂದ ಪೈ ಈ ಚರ್ಚೆಯನ್ನು ಮುಂದುವರಿಸಿದರು. ಅದು ಕನ್ನಡವಲ್ಲ, ಪ್ರೇಕ್ಷಕರನ್ನು ನಗಿಸಲು ಕಟ್ಟಿದ ಅರ್ಥವಿಲ್ಲದ ಸದ್ದು ಎನ್ನುವ ವಿದ್ವಾಂಸರು ಅನೇಕರಿದ್ದಾರೆ. ಪಪೈರಸ್‌ನಲ್ಲಿ ಇರುವ ಅಕ್ಷರಗಳು ಹೀಗೆ: ಬೇರೆ ಕೊಂಝೇ ದಮುನ್ ಪೆತ್ರೆಕಿಯೋ ಪಕ್ತೇ. 'ಹಾಕಿ' ಎಂದು ಹುಲ್ಟ್ಸ್ ಓದಿದ ಪದ ಪಕಾರದಿಂದ ಶುರುವಾಗುತ್ತದೆ, ಹಳಗನ್ನಡದಲ್ಲಿ ನಮ್ಮ ಹಕಾರವೂ ಬಹುಪಾಲು ಪಕಾರವೇ. ಆದರೆ 'ದಮುನ್' ಅನ್ನು 'ಮಧು' ಮಾಡಲು ಅಕ್ಷರಗಳ ಸ್ಥಾನವನ್ನೇ ಅದಲುಬದಲು ಮಾಡಬೇಕಾಗುತ್ತದೆ.